ಛಾವಣಿ ಹಾಕ್ತೀನಿ, ಬನ್ನಿ

ತಗಡಿನ ಸೂರಿನ ಕೆಳಗೆ ಒಬ್ಬರೇ ಇದ್ದರೆ ಮಳೆಯ ಜೊತೆ ಮಾತಾಡುವುದು ರೂಢಿಯಾಗುತ್ತದೆ. ನನಗಂತೂ ಆಗಿತ್ತು. ಕಣಿವೆಯ ಮೇಲ್ತುದಿಯಲ್ಲಿರುವ ಮರದ ದಿಮ್ಮಿ ಜೋಡಿಸಿ ಕಟ್ಟಿದ ಹಳೆಯ ಮನೆಯನ್ನು ನಾನು ಕೊಂಡಾಗ ಅದರ ತಲೆಯ ಮೇಲೆ ತುಕ್ಕು ಹಿಡಿದ ತಗಡು ಇತ್ತು. ನಾಲ್ಕು ಹನಿ ಬಿದ್ದರೆ ಸಾಕು, ಡಬ್ಬಕ್ಕೆ ಕಾಳು ಸುರಿದ ಹಾಗೆ ಸದ್ದು. "ಸಾಕು ನಿಲ್ಲಿಸೇ ಮಾರಾಯ್ತಿ" ಎಂದು ಬೈಯುತ್ತಿದ್ದೆ. ಎಷ್ಟೋ ದಿನ ನನ್ನ ಬಾಯಿಂದ ಹೊರಬಿದ್ದ ಮಾತು ಅದೊಂದೇ.

ನಾನು ಸುನ್ನಿವಾ. ಅಂಚೆ ಗಾಡಿ ಓಡಿಸುತ್ತೇನೆ. ನಾರ್ವೆಯ ಕಣಿವೆಗಳಲ್ಲಿ ಅಂಚೆಯವರು ಮನೆಬಾಗಿಲಿಗೆ ಹೋಗುವುದಿಲ್ಲ. ರಸ್ತೆ ಬದಿಯ ಪೆಟ್ಟಿಗೆಗಳಿಗೆ ಕಾಗದ ಹಾಕಿ ಮುಂದೆ ಹೋಗುತ್ತಾ ಇರುವುದು. ಹಾಗಾಗಿ ನನಗೆ ಇಲ್ಲಿ ಎಲ್ಲರ ಹೆಸರೂ ಗೊತ್ತು, ಒಬ್ಬರ ಅಡುಗೆಮನೆಯೂ ಗೊತ್ತಿಲ್ಲ.

ಆದರೆ ಛಾವಣಿಗಳು ಗೊತ್ತು! ಗಾಡಿ ಓಡಿಸುತ್ತಾ ನಾನು ನೋಡುವುದು ಅವನ್ನೇ. ಇಲ್ಲಿಯ ಹಳೆಯ ಮನೆಗಳ ಮೇಲೆ ಹುಲ್ಲು ಬೆಳೆಯುತ್ತದೆ, ನಡುನಡುವೆ ಗಂಟೆಹೂವು, ಹಳದಿ ಹೂವು, ಅವುಗಳ ಮೇಲೆ ಜೇನುಹುಳ. ಚಳಿಗಾಲದಲ್ಲಿ ಕಂಬಳಿ ಹೊದ್ದ ಹಾಗೆ ಒಳಗೆ ಬೆಚ್ಚಗೆ, ಬೇಸಿಗೆಯಲ್ಲಿ ತಂಪು. ಎಷ್ಟು ಜೋರು ಮಳೆ ಬಂದರೂ ಹುಲ್ಲು ಮೊದಲು ತಾನು ಕುಡಿದು ಆಮೇಲೆ ನಿಧಾನವಾಗಿ ನೀರು ಬಿಡುತ್ತದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅದರ ಭಾರ. ಆ ಭಾರ ಕೂತರೆ ಗೋಡೆಯ ದಿಮ್ಮಿಗಳು ಒಂದಕ್ಕೊಂದು ಒತ್ತಿಕೊಂಡು ಸಂದುಗಳು ಮುಚ್ಚಿಹೋಗುತ್ತವೆ. ನನ್ನ ಮನೆಯಲ್ಲಿ ತಗಡು ಹಗುರ, ದಿಮ್ಮಿಗಳು ಒಣಗಿ ಸಡಿಲ. ಜನವರಿಯಲ್ಲಿ ಗೋಡೆಯಿಂದ ಬರುವ ಗಾಳಿಗೆ ಮೇಣದಬತ್ತಿಯೇ ಆರುತ್ತಿತ್ತು. ಇನ್ನೊಂದು ಚಳಿಗಾಲ ಹಾಗೆ ಕಳೆಯುವುದಾದರೆ ಮನೆ ಮಾರಿ ಕರಾವಳಿಯ ನನ್ನ ಊರಿಗೆ ವಾಪಸ್ ಹೋಗುವುದು ಎಂದು ತೀರ್ಮಾನಿಸಿಬಿಟ್ಟಿದ್ದೆ. ಛಾವಣಿ ಆದರೆ ಇಲ್ಲಿ, ಇಲ್ಲದಿದ್ದರೆ ಅಲ್ಲಿ.

ಜೂನ್‌ನಲ್ಲಿ, ಮರದಲ್ಲಿ ರಸ ಏರಿರುವಾಗ, ಭೂರ್ಜ ಮರದ ನೀರಿಳಿಯದ ತೊಗಟೆ ಸುಲಿದು ತಂದು ಕಲ್ಲಿನ ಕೆಳಗೆ ಒತ್ತಿಟ್ಟೆ. ಮನೆಯ ಹಿಂದಿನ ಗೋಮಾಳದಲ್ಲಿ ಹುಲ್ಲಿನ ಹೆಂಟೆಗಳನ್ನು ಬೇರು ಮಣ್ಣು ಸಮೇತ ಕತ್ತರಿಸಿ ರಾಶಿ ಹಾಕಿದೆ. ಆಗಸ್ಟ್ ಬಂತು. ಇನ್ನು ಹಾಕುವುದೊಂದೇ ಬಾಕಿ. ಆದರೆ ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಹಲಗೆಯ ಮೇಲೆ ತೊಗಟೆ ಹಾಸುತ್ತಾರೆ, ಅದಕ್ಕೆ ಮೊಳೆ ಹೊಡೆಯುವುದಿಲ್ಲ, ಮೊಳೆ ಹೊಡೆದರೆ ಸೋರುತ್ತದೆ. ಹಿಡಿದಿಡುವುದು ಹೆಂಟೆಯ ಭಾರ ಮಾತ್ರ. ಬಿಸಿಲಿಗೆ ತೊಗಟೆ ಸುರುಳಿ ಸುತ್ತಿಕೊಳ್ಳುವ ಮೊದಲೇ ಹೆಂಟೆ ಬೀಳಬೇಕು. ಒಬ್ಬರು ಹಾಸಬೇಕು, ಒಬ್ಬರು ಹೊರಿಸಬೇಕು, ಒಬ್ಬರು ಹೊರಬೇಕು, ಒಬ್ಬರು ಇಡಬೇಕು. ಊರವರು ಒಬ್ಬರಿಗೊಬ್ಬರು ಮುಯ್ಯಾಳಾಗಿ ಕೂಡಿಯೇ ಮಾಡುವ ಕೆಲಸ.

ಊರಿನವರ ಮೊಬೈಲ್ ಗುಂಪಿನಲ್ಲಿ ಬರೆದೆ. "ಶನಿವಾರ ಹುಲ್ಲಿನ ಛಾವಣಿ ಹಾಕುತ್ತಿದ್ದೇನೆ. ಬಿಡುವಿದ್ದವರು ಬಂದರೆ ಸಂತೋಷ. ಕಷ್ಟವಾದರೆ ಬೇಡ, ನಾನು ಹೇಗೋ ಮಾಡಿಕೊಳ್ಳುತ್ತೇನೆ." ಎಲ್ಲರಿಂದಲೂ ಎತ್ತಿದ ಹೆಬ್ಬೆರಳಿನ ಚಿತ್ರ ಬಂತು. ನನಗೆ ಕುಣಿಯುವಷ್ಟು ಖುಷಿ.

ಶನಿವಾರ ಹುಳಿಕೆನೆಯ ಗಂಜಿ ಮಾಡಿದೆ, ದೊಡ್ಡ ಪಾತ್ರೆಯ ತುಂಬ, ಮೇಲೆ ತೇಲುವಷ್ಟು ಬೆಣ್ಣೆ. ಅಂಗಳದಲ್ಲಿ ಮೇಜು ಹಾಕಿ ತಟ್ಟೆ ಜೋಡಿಸಿದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಕೆಳಗಿನ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಬಂತು. ಎದ್ದು ನಿಂತೆ. ಅದು ತಿರುವಿನಲ್ಲಿ ತಿರುಗಿ ಹೋಯಿತು. ಗಂಜಿಯ ಮೇಲೆ ಬೆಣ್ಣೆ ಹೆಪ್ಪುಗಟ್ಟಿತು.

ಯಾರೂ ಬರಲಿಲ್ಲ.

ಸಿಟ್ಟಿನಲ್ಲಿ ನಾನೇ ಏಣಿ ಹತ್ತಿದೆ. ತಗಡನ್ನು ಹಿಂದಿನ ವಾರವೇ ಕಿತ್ತಿದ್ದೆ. ತೊಗಟೆ ಹಾಸಿದೆ, ಇಳಿದೆ, ಒಂದು ಹೆಂಟೆ ಹೊತ್ತು ಹತ್ತಿದೆ, ಇಟ್ಟೆ, ಇಳಿದೆ. ಎರಡನೆಯದನ್ನು ತರುವಷ್ಟರಲ್ಲಿ ಆ ಕಡೆಯ ತೊಗಟೆ ಬಿಸಿಲಿಗೆ ಸುರುಳಿ. ಅದನ್ನು ಬಿಡಿಸುವಷ್ಟರಲ್ಲಿ ಈ ಕಡೆಯದು. ಮಧ್ಯಾಹ್ನ ಕಣಿವೆಯ ಗಾಳಿ ಎದ್ದಿತು. ಹಾಸಿದ್ದೆಲ್ಲ ಬಿಳಿ ಕೋಳಿಗಳ ಹಿಂಡಿನ ಹಾಗೆ ಹಾರಿ ಕೆಳಗಿನ ಹೊಲಕ್ಕೆ ಹೋಯಿತು.

ಕೆಳಗಿನ ಹೊಲ ಎಂಬ್ರಿಕ್ ಅವರದು. ಆಡು ಸಾಕುವ ಮುದುಕರು. ತೋಳತುಂಬ ತೊಗಟೆ ಹೊತ್ತು ಅವರೇ ಮೇಲೆ ಬಂದರು.

"ಇದು ನಿಂದೇನಾ ಹುಡುಗಿ? ಸ್ವಲ್ಪ ನನ್ನ ಆಡುಗಳು ತಿಂದ್ವು. ರುಚಿ ಇದೆ ಅಂತ ಕಾಣುತ್ತೆ."

ನನಗೆ ಅಳು ಬರುವುದರಲ್ಲಿತ್ತು. "ಯಾರೂ ಬರ್ಲಿಲ್ಲ ಎಂಬ್ರಿಕ್. ಒಬ್ಬರೂ."

"ಯಾಕೆ ಬರ್ಬೇಕು? ಹೇಗೋ ಮಾಡ್ಕೋತೀನಿ ಅಂತ ನೀನೇ ಬರೆದಿದ್ಯಲ್ಲ."

"ಅಯ್ಯೋ, ಅದು ಮರ್ಯಾದೆಗೆ ಬರೆದಿದ್ದು!"

"ನಾವೂ ಮರ್ಯಾದೆಗೇ ಬರ್ಲಿಲ್ಲ" ಎಂದು ಅವರು ತೊಗಟೆಯನ್ನು ಅಂಗಳದಲ್ಲಿಟ್ಟು ಮೇಲೆ ಕಲ್ಲಿಟ್ಟರು. "ಮಾಡ್ಕೋತೀನಿ ಅಂದವಳ ಮನೆಗೆ ನುಗ್ಗಿದ್ರೆ, ನಿನ್ ಕೈಲಾಗಲ್ಲ ಬಿಡು ಅಂದ ಹಾಗಾಗುತ್ತೆ. ಬೆಳಿಗ್ಗೆಯಿಂದ ಕಿಟಕೀಲಿ ಕೂತು ನೋಡ್ತಾನೇ ಇದ್ದೆ. ಹೊಟ್ಟೆ ಉರೀತಿತ್ತು ನಂಗೆ. ಎಂಥ ದರಿದ್ರ ಕೆಲಸ ಮಾಡ್ತೀಯಾ ನೀನು!"

"ಮತ್ತೆ ಏನ್ ಮಾಡ್ಲಿ?"

"ನಡ್ಕೊಂಡು ಹೋಗು. ಮನೆಮನೆಗೆ. ಬಾಗಿಲಲ್ಲಿ ನಿಂತ್ಕೊಂಡು, ಛಾವಣಿ ಹಾಕ್ತೀನಿ, ಬನ್ನಿ ಅನ್ನು. ಅಷ್ಟೇ. ಬಿಡುವಿದ್ರೆ ಗಿಡುವಿದ್ರೆ ಎಲ್ಲ ಸೇರಿಸ್ಬೇಡ." ತಣ್ಣಗಾದ ಗಂಜಿಯನ್ನು ಒಂದು ತಟ್ಟೆ ತಿಂದು, "ಉಪ್ಪು ಕಮ್ಮಿ" ಎಂದು ಹೇಳಿ ಹೋದರು.

ಮೊದಲು ಹೋದದ್ದು ಅಂಗಡಿ ನಡೆಸುವ ಗುನ್ವೋರ್ ಮನೆಗೆ. ಬಾಗಿಲು ತಟ್ಟಿದೆ. ಅಂಚೆ ಗಾಡಿಯಿಲ್ಲದೆ ನನ್ನನ್ನು ಕಂಡು ಆಕೆಗೆ ಆಶ್ಚರ್ಯ.

"ಬರೋ ಶನಿವಾರ ಛಾವಣಿ ಹಾಕ್ತೀನಿ" ಎಂದೆ. ಬಾಯಿ ತಾನಾಗಿಯೇ ಮುಂದುವರಿಯಿತು. "ನಿಮಗೆ ಪುರುಸೊತ್ತು ಇದ್ರೆ…"

"ಪುರುಸೊತ್ತು ಇಲ್ಲ ಕಣಮ್ಮ" ಎಂದು ಬಾಗಿಲು ಹಾಕಿಕೊಂಡರು.

ಮೆಟ್ಟಿಲ ಮೇಲೆ ಹಾಗೇ ನಿಂತೆ. ಒಳಗೆ ಪಾತ್ರೆಯ ಸದ್ದು, ಕಾಫಿಯ ವಾಸನೆ. ಕರಾವಳಿಯಲ್ಲಿ ನನ್ನ ಅಮ್ಮ ಕಲಿಸಿದ್ದೇ ಇದು, ಯಾರಿಗೂ ಭಾರವಾಗಬೇಡ ಅಂತ. ಆ ಮಾತನ್ನು ಪಾಲಿಸುತ್ತಾ ಪಾಲಿಸುತ್ತಾ ನಾನು ತಗಡಿನಷ್ಟು ಹಗುರಾಗಿಬಿಟ್ಟಿದ್ದೆ. ಯಾರ ಮೇಲೂ ಒರಗಿರಲಿಲ್ಲ, ಯಾರೂ ನನ್ನ ಮೇಲೆ ಒರಗಿರಲಿಲ್ಲ. ಮತ್ತೆ ತಟ್ಟಿದೆ.

"ಛಾವಣಿ ಹಾಕ್ತೀನಿ, ಬನ್ನಿ. ನನ್ನೊಬ್ಬಳಿಂದ ಆಗಲ್ಲ."

ಗುನ್ವೋರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ಹೇಳೋಕೆ ಎರಡು ಸಲ ಬಾಗಿಲು ತಟ್ಬೇಕಾ? ಎಷ್ಟು ಗಂಟೆಗೆ?"

ಶನಿವಾರ ಬೆಳಿಗ್ಗೆ ಅಂಗಳ ತುಂಬಿತು. ಎಂಬ್ರಿಕ್ ಛಾವಣಿಯ ನೆತ್ತಿಯಲ್ಲಿ ಕೂತು ಎಲ್ಲರಿಗೂ ಬೈಯುತ್ತಿದ್ದರು. "ಕೆಳಗಿನ ಪದರ ಹುಲ್ಲು ಕೆಳಮುಖ! ಮೇಲಿನ ಪದರ ಹುಲ್ಲು ಮೇಲ್ಮುಖ! ಗುನ್ವೋರ್, ನೀನು ಕೇಕು ಜೋಡಿಸ್ತಿಲ್ಲ ಅಲ್ಲಿ!"

"ನೀನು ಬಾಯಿ ಮುಚ್ಚಿ ತೊಗಟೆ ಹಾಸೋ, ನಿನ್ನ ಆಡುಗಳೇ ವಾಸಿ!"

ಹೆಂಟೆಗಳು ಕೈಯಿಂದ ಕೈಗೆ ಏರಿದವು. ತೊಗಟೆ ಸುರುಳಿ ಸುತ್ತಲು ಪುರುಸೊತ್ತೇ ಸಿಗಲಿಲ್ಲ. ಸಂಜೆಗೆ ಮನೆ ಒಮ್ಮೆ ನರಳಿದ ಹಾಗೆ ಕಿರ್ ಎಂದಿತು. ಎಲ್ಲರೂ ಕೆಲಸ ಬಿಟ್ಟು ಕಿವಿಗೊಟ್ಟರು. "ಕೂತ್ಕೊಂತು" ಎಂದರು ಎಂಬ್ರಿಕ್. ಗಂಜಿ ತಿಂದರು, ಈ ಸಲ ಉಪ್ಪು ಜಾಸ್ತಿ ಎಂದರು, ಹೊರಟುಹೋದರು.

ಮರುದಿನ ನಾನು ಕಿಟಕಿಯ ಹೊರಗೆ ನೋಡಿದಾಗ ಅಂಗಳ ಒದ್ದೆಯಾಗಿತ್ತು. ಮಳೆ ಸುರಿಯುತ್ತಲೇ ಇತ್ತು. ನನಗೆ ಗೊತ್ತೇ ಆಗಿರಲಿಲ್ಲ! ತಲೆಯ ಮೇಲೆ ಒಂದು ಹನಿಯ ಸದ್ದಿಲ್ಲ. ಗೋಡೆಯ ಸಂದಿನಲ್ಲಿ ಕೈಯಿಟ್ಟೆ, ಗಾಳಿಯಿಲ್ಲ. ಒಲೆ ಹಚ್ಚದೆಯೂ ಬೆಚ್ಚಗಿತ್ತು. ಬೇಕೆಂದು ಬಯಸಿದ್ದೆಲ್ಲ ಸಿಕ್ಕಿತ್ತು. ಬೈಯಲು ಮಳೆಯ ಸದ್ದೂ ಇರಲಿಲ್ಲ. ಇಷ್ಟು ನಿಶ್ಶಬ್ದವನ್ನು ನಾನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಗಡಿಯಾರದ ಟಿಕ್‌ಟಿಕ್ ಕೂಡ ದೊಡ್ಡದಾಗಿ ಕೇಳುತ್ತಿತ್ತು.

ಹೊರಗೆ ಹೋಗೋಣ ಎಂದು ಬಾಗಿಲು ತಳ್ಳಿದೆ. ಅಲ್ಲಾಡಲಿಲ್ಲ. ಭುಜಕೊಟ್ಟು ತಳ್ಳಿದೆ. ಛಾವಣಿಯ ಭಾರಕ್ಕೆ ದಿಮ್ಮಿಗಳು ಇಳಿದು ಚೌಕಟ್ಟು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಛಾವಣಿಯ ಬಗ್ಗೆ ಇಷ್ಟೆಲ್ಲ ತಿಳಿದುಕೊಂಡಿದ್ದವಳಿಗೆ ಇದೊಂದು ಹೊಳೆದಿರಲಿಲ್ಲ. ಕಿಟಕಿ ದೊಡ್ಡದೇ ಇದೆ, ಹತ್ತಿ ಇಳಿಯಬಹುದಿತ್ತು. ಕಾಲು ಎತ್ತಿಯೂ ಇಟ್ಟೆ. ಆಮೇಲೆ ಇಳಿಸಿದೆ.

ಫೋನ್ ತೆಗೆದೆ.

"ಎಂಬ್ರಿಕ್, ಬಾಗಿಲು ತೆಗೆಯೋಕಾಗ್ತಿಲ್ಲ. ಬನ್ನಿ."

"ಗೊತ್ತಿತ್ತು. ಬಾಗಿಲು ಹೆರೆಯೋಕೆ ಉಜ್ಜುಗೊರಡು ನಿನ್ನೇನೇ ಎತ್ತಿಟ್ಟಿದೀನಿ. ಆಡುಗಳ ಹಾಲು ಕರೆದು ಬರ್ತೀನಿ, ಕಾಫಿಗೆ ಇಡು. ಕಿಟಕಿ ಹಾರಬೇಡ ಮತ್ತೆ."

ಕಾಫಿಗಿಟ್ಟು ಕಿಟಕಿಯ ಹತ್ತಿರ ಕೂತೆ. ಹೊರಗೆ ಮಳೆ ಸದ್ದಿಲ್ಲದೆ ಬೀಳುತ್ತಿತ್ತು. ಕೆಳಗಿನ ಹೊಲದ ಅಂಚಿನಲ್ಲಿ ಇನ್ನೂ ಯಾರೂ ಕಾಣುತ್ತಿರಲಿಲ್ಲ.