ಹುಣಸೆಹಣ್ಣು ತಿಂದ ನಂಬರು

ಬಂದೂಕನ್ನು ಹುಣಸೆಹಣ್ಣಿನಿಂದ ತಿಕ್ಕಬಹುದೇ ಎಂಬುದು ಸರ್ಕಾರವೂ ಶಾಸ್ತ್ರವೂ ಒಟ್ಟಿಗೆ ಕುಳಿತು ತೀರ್ಮಾನಿಸಬೇಕಾದ ಗಹನ ಪ್ರಶ್ನೆ. ಹಾಲಹರವಿಯ ಗಾದಿಲಿಂಗಮ್ಮ ಮಾತ್ರ ಯಾರನ್ನೂ ಕೇಳದೆ ನಲವತ್ತು ದಸರೆ ತಿಕ್ಕಿದ್ದಳು.

ಗಂಡ ಸುಂಕಪ್ಪ ಹಂದಿ ಕಾಟಕ್ಕೆಂದು ಕೊಂಡ ಒಂಟಿ ನಳಿಗೆಯ ಬಂದೂಕು ಅದು. ಅವನು ಹಂದಿಗೆ ಗುರಿಯಿಟ್ಟವನಲ್ಲ. ಆಕಾಶಕ್ಕೆ ಹೊಡೆಯುತ್ತಿದ್ದ, ಹಂದಿಗಳು ಪಕ್ಕದವರ ಕಡಲೆ ಹೊಲಕ್ಕೆ ಹೋಗುತ್ತಿದ್ದವು. ಆಯುಧಪೂಜೆಯ ಮುಂಜಾನೆ ಆಕೆ ಹಿಡಿಯ ಮೇಲಿನ ಹಿತ್ತಾಳೆ ಪಟ್ಟಿ ತಿಕ್ಕುವಾಗ ಬೀಡಿ ಹಚ್ಚಿಕೊಂಡು ಎದುರಿಗೇ ಕೂರುತ್ತಿದ್ದ.

"ಇನ್ನೊಂದೀಟು ತಿಕ್ಕಲೇ, ನಿನ್ ಮುಖ ಕಾಣಬೇಕು."

"ನನ್ ಮುಖ ನೋಡಾಕ ಬಂದೂಕ ಬೇಕಾತೇನು ನಿಮಗ?"

ಈ ವರ್ಷ ಅವನು ತೀರಿಕೊಂಡ. ಲೈಸೆನ್ಸು ತನ್ನ ಹೆಸರಿಗೆ ಆಗದಿದ್ದರೆ ಬಂದೂಕು ಸರ್ಕಾರದ ಕೋಣೆ ಸೇರುತ್ತದೆಂದು ತಿಳಿದು, ಗಾದಿಲಿಂಗಮ್ಮ ಮಗ ಆಂಜಿಯನ್ನು ಕರೆದುಕೊಂಡು ಬಂದೂಕು ಸಮೇತ ಆದೋನಿಯ ಕಚೇರಿಗೆ ಬಂದಳು.

ಗುಮಾಸ್ತ ವಿಠಲ್ ಲೈಸೆನ್ಸ್ ಪುಸ್ತಕದ ನಂಬರು ಓದಿಕೊಂಡು, ಅದೇ ನಂಬರು ಇರಬೇಕಾದ ಹಿತ್ತಾಳೆ ಪಟ್ಟಿ ನೋಡಿದ. ಅಲ್ಲಿ ಅವನದೇ ಕನ್ನಡಕ ಕಂಡಿತು, ನಂಬರು ಕಾಣಲಿಲ್ಲ.

"ನಂಬರ್ ಎಲ್ಲೈತಮ್ಮಾ? ಇಲ್ಲೇನೂ ಇಲ್ಲಲ್ಲ."

"ಇತ್ರಿ ಸಾಮಿ. ನಾನೇ ತಿಕ್ಕೀನಿ."

"ಇದೇನು ಬಂದೂಕೋ ಚೊಂಬೋ?"

"ಚೊಂಬಿಗಿಂತ ಚಲೋ ತಿಕ್ಕೀನ್ರಿ."

"ಪುಸ್ತಕಕ್ಕ ನಂಬರ್ ಕೂಡಲಿಲ್ಲಂದ್ರ ಹೆಸರು ಬದಲಾಗಂಗಿಲ್ಲಮ್ಮಾ."

"ಕೊಟ್ಟುಬಿಡಬೇ ಅವ್ವಾ," ಎಂದ ಆಂಜಿ. "ಒಂದು ಕಾಗಿ ಸೈತ ಹೊಡದಿಲ್ಲ ಅದು."

"ನಿಮ್ಮಪ್ಪ ಎದುರಿಗೆ ಕುಂತು ಮಾಡಿಸಿದ ಕೆಲಸ ಇದೊಂದೇ. ಕೊಡಂಗಿಲ್ಲ."

ವಿಠಲ್ ತಲೆ ಕೆರೆದುಕೊಂಡು, ಬಂದೂಕು ರಿಪೇರಿಯ ಮುದುಕ ದಸ್ತಗಿರಿಗೆ ಹೇಳಿಕಳಿಸಿದ. ಅವನು ಬಂದು, ಎಣ್ಣೆ ಬಿಟ್ಟು, ಬೈದು, ತುಕ್ಕು ಹಿಡಿದ ಸ್ಕ್ರೂ ಬಿಚ್ಚಿ ನಳಿಗೆಯನ್ನು ಮರದಿಂದ ಮೇಲೆತ್ತಿದ. ನಳಿಗೆಯ ಅಡಿಯಲ್ಲಿ ನಂಬರು ನಿನ್ನೆ ಕೆತ್ತಿದಂತಿತ್ತು.

"ಅಮ್ಮನ ಹುಣಸೆಹಣ್ಣು ಇಲ್ಲಿಗೆ ಮುಟ್ಟಿಲ್ಲ, ಸಾಬ್."

ಮರದ ಸಂದಿಯಲ್ಲಿ ನಲವತ್ತು ದಸರೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು. ದಸ್ತಗಿರಿ ಒರೆಸಲು ಬಟ್ಟೆ ತೆಗೆದ.

"ಬ್ಯಾಡಪ್ಪಾ, ಇರಲಿ," ಎಂದಳು ಗಾದಿಲಿಂಗಮ್ಮ. "ತಿಕ್ಕಿದ್ದು ನಾನು. ಆ ಕುಂಕುಮ ಅವರು ಹಚ್ಚಿದ್ದು."

ದಸ್ತಗಿರಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ವಿಠಲ್ ಎರಡು ಸಲ ಓದಿ ನೋಡಿದ. ನಂಬರು ಕೂಡಿತು. ದಸ್ತಗಿರಿ ಸ್ಕ್ರೂ ತಿರುಗಿಸಿದ. ಎರಡು ತಿಂಗಳಿಗೆ ಬಂದೂಕು ಗಾದಿಲಿಂಗಮ್ಮನ ಹೆಸರಿಗಾಯಿತು.