ಶನಿವಾರ ಛತ್ರ ಅಗ್ಗ

ನಮ್ಮ ಕಡೆ ಶನಿವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ದೊಡ್ಡಬಳ್ಳಾಪುರದ ಹೊರಗಿನ ಆ ದೊಡ್ಡ ಛತ್ರ ಅವತ್ತು ಖಾಲಿ ಹೊಡೆಯುತ್ತದೆ, ಬಾಡಿಗೆಯೂ ಅಗ್ಗ. ಯೆಹೂದಿ ಸಂಗೀತದ ಅಂತರರಾಷ್ಟ್ರೀಯ ವಾದ್ಯಗೋಷ್ಠಿಯನ್ನು ಭಾನುಪ್ರಕಾಶ್ ಶನಿವಾರಕ್ಕೇ ಗೊತ್ತುಮಾಡಿದ್ದಕ್ಕೆ ಇದಕ್ಕಿಂತ ಘನವಾದ ಕಾರಣವೇನೂ ಇರಲಿಲ್ಲ. ಯೆಹೂದಿಗಳಿಗೆ ಶನಿವಾರವೆಂದರೆ ಏನೆಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಕೇಳಿದ್ದು ಒಂದೇ, ಛತ್ರದ ಮ್ಯಾನೇಜರನ್ನು: ಜನರೇಟರ್ ಇದೆಯಾ ಅಂತ.

ಭಾನುಪ್ರಕಾಶರ ಇವೆಂಟ್ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ವೇದಿಕೆಯ ಹಿಂದೆ 'ಸ್ವರವೇ ಐಕ್ಯತೆ' ಎಂಬ ಫ್ಲೆಕ್ಸು. ಅದರಲ್ಲಿ ಮಾಜಿ ಮಂತ್ರಿ ಕೆಂಪರಾಜಣ್ಣನ ಮುಖ ಆನೆಯಷ್ಟು, ಐದಾರು ದೇಶಗಳಿಂದ ಬಂದ ವಾದಕರೆಲ್ಲ ಸೇರಿ ಇಲಿಯಷ್ಟು. ಫ್ಲೆಕ್ಸು ಮುಚ್ಚದ ಮೂಲೆಯಲ್ಲಿ ಹಿಂದಿನ ಮದುವೆಯ ಥರ್ಮಾಕೋಲ್ ಅಕ್ಷರಗಳು 'ವೆಡ್ಸ್' ಎಂದು ಇಣುಕುತ್ತಿದ್ದವು. ಕುರ್ಚಿ ತುಂಬಿಸಲು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಿಂದ ಶಿಫ್ಟ್ ಮುಗಿಸಿದವರನ್ನು ಸೀದಾ ಬಸ್ಸಿಗೆ ಹತ್ತಿಸಿ ತಂದಿದ್ದರು. ಐಕ್ಯತೆಯ ಮಾತು ಇರಲಿ, ಆ ಬಡಪಾಯಿಗಳಿಗೆ ಮುಖ ತೊಳೆಯಲೂ ಬಿಟ್ಟಿರಲಿಲ್ಲ.

ಗೋಷ್ಠಿಯಲ್ಲಿ ಹಾಡಬೇಕಿದ್ದವರು ಒಬ್ಬರೇ, ಆರನ್ ತಳಕರ್. ಅಲಿಬಾಗ್ ಕಡೆಯ ಯೆಹೂದಿ, ಎಂಬತ್ತರ ಆಸುಪಾಸು. ಶನಿವಾರ ತಮ್ಮ ಧರ್ಮದ ವಿಶ್ರಾಂತಿಯ ದಿನ, ಅವತ್ತು ಗಾಡಿ ಹತ್ತುವುದಿಲ್ಲವೆಂದು ಶುಕ್ರವಾರವೇ ಬಂದು, ಛತ್ರದ ವಧುವಿನ ಕೋಣೆಯಲ್ಲಿ ತಂಗಿದ್ದರು. ಅವರ ಹಿಂದಿಗೂ ನನ್ನ ಹಿಂದಿಗೂ ಹೊಂದಿಕೆಯಾಯಿತು; ಎರಡೂ ಕುಂಟುತ್ತಿದ್ದವು.

"ನಮ್ಮ ಹಿರಿಯರು ಗಾಣದವರು," ಎಂದರು ತಳಕರ್ ಕಾಕಾ. "ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಊರವರು ನಮಗೆ ಶನಿವಾರದ ಗಾಣಿಗರು ಅಂತ ಹೆಸರಿಟ್ಟರು."

"ನಮ್ಮಜ್ಜಿ ಶನಿವಾರ ಮನೆಗೆ ಎಣ್ಣೆ ತರಲು ಬಿಡುವುದಿಲ್ಲ," ಎಂದೆ.

"ಸರಿಹೋಯಿತು. ನಾವು ತೆಗೆಯಲ್ಲ, ನೀವು ಕೊಳ್ಳಲ್ಲ!"

ಅವರು ಹಾಡಬೇಕಿದ್ದದ್ದು ತಾಯಿಯಿಂದ ಕಲಿತ ಮರಾಠಿ ಹಾಡು. ಶನಿವಾರ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ, ಪವಿತ್ರ ದಿನವನ್ನು ಬೀಳ್ಕೊಡುವಾಗ ಹೇಳುವುದು. ಅದನ್ನು ಇಡೀ ವಾದ್ಯವೃಂದಕ್ಕೆ ಹೊಂದಿಸಿದ್ದವಳು ವೃಂದದ ನಿರ್ದೇಶಕಿ ಲಿಯೋರಾ. ಆ ಹಾಡು ಬಲ್ಲವರು ಕಾಕಾರ ಊರಿನಲ್ಲಿ ಈಗ ಯಾರೂ ಉಳಿದಿಲ್ಲವಂತೆ. ಸಾಯುವ ಮುಂಚೆ ಒಮ್ಮೆ ಅಷ್ಟು ಪಿಟೀಲುಗಳ ನಡುವೆ ಅದನ್ನು ಕೇಳಬೇಕು, ಅಷ್ಟೇ ಅವರ ಆಸೆ. ಕತ್ತಲಾದ ಮೇಲೆಯೇ ಹಾಡುವುದು ಎಂದು ಫೋನಿನಲ್ಲಿ ಮೊದಲೇ ಹೇಳಿದ್ದರು. ಭಾನುಪ್ರಕಾಶ್ ಎಲ್ಲದಕ್ಕೂ ಹೇಳುವಂತೆ "ಡನ್ ಸರ್" ಎಂದಿದ್ದರು.

ಸಂಜೆ ವಾದ್ಯಗಳು ಶುರುವಾದ ಮೇಲೆ ಭಾನುಪ್ರಕಾಶ್ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಹೋದರು.

"ಪವಿತ್ರಾ, ಮುದುಕಪ್ಪಂದು ಹಾಡು ಈಗ್ಲೇ ಆಗ್ಬೇಕು. ಕೆಂಪರಾಜಣ್ಣ ಬಂದವ್ರೆ, ಆರೂಕಾಲ್ಗೆ ಹೊಂಟೋಗ್ತಾರೆ."

"ಯಾಕ್ ಸರ್?"

"ಅವ್ರಿಗೆ ಸಾಡೇಸಾತಿ ಕಣಮ್ಮ. ಶನಿವಾರ ಸಾಯಂಕಾಲ ಶನಿಮಹಾತ್ಮನ ಗುಡೀಲಿ ಎಳ್ಳುಬತ್ತಿ ಹಚ್ಲೇಬೇಕು. ತಪ್ಸಂಗಿಲ್ಲ."

"ಇವರಿಗೂ ಶನಿವಾರ ತಪ್ಪಿಸೋ ಹಂಗಿಲ್ವಲ್ಲ ಸರ್."

"ಅದೂ ಇದೂ ಒಂದೇನಮ್ಮ? ಅಣ್ಣಂದು ದೇವ್ರ ಕೆಲ್ಸ!"

ಕೆಂಪರಾಜಣ್ಣ ಬರಲೆಂದು ಐದಾರು ದೇಶಗಳ ವಾದಕರು ಒಂದು ಗಂಟೆ ಪಿಟೀಲು ತೊಡೆಯ ಮೇಲಿಟ್ಟುಕೊಂಡು ಕಾದಿದ್ದರು. ಆಗ ಯಾರಿಗೂ ಹೊತ್ತು ಮೀರಿರಲಿಲ್ಲ.

ಕಾಕಾ ಛತ್ರದ ಹಿಂದಿನ ಖಾಲಿ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಣ್ಣಿನ ಪೊರೆ ತೆಗೆಸಿದ್ದರೂ ದೂರದ ಬೆಳಕು ಅವರಿಗೆ ಕಲಸಿಹೋಗುತ್ತಿತ್ತು. "ನೀನೇ ಎಣಿಸು ಮಗಳೇ," ಎಂದರು. ನಾನು ಆಕಾಶ ನೋಡತೊಡಗಿದೆ. ನಕ್ಷತ್ರಗಳು ಸೂರ್ಯನ ಸೊಸೆಯರು ಎನ್ನುತ್ತಾಳೆ ನಮ್ಮಜ್ಜಿ. ಮಾವ ಊಟ ಮುಗಿಸಿ ಒಳಗೆ ಹೋದ ಮೇಲೆ ಒಬ್ಬೊಬ್ಬರಾಗಿ ಅಂಗಳಕ್ಕೆ ಬರುತ್ತಾರೆ. ಹಿರಿಸೊಸೆಗಿಂತ ಮುಂಚೆ ಕಿರಿಯವರು ಹೊಸಿಲು ದಾಟುವಂತಿಲ್ಲ. ಹಿರಿಸೊಸೆ ಬಂದಿದ್ದಳು. ಮಿಕ್ಕವರು ಇನ್ನೂ ತಲೆ ಬಾಚಿಕೊಳ್ಳುತ್ತಿದ್ದರೇನೋ.

ಒಳಗಿನಿಂದ ಮೈಕಿನಲ್ಲಿ ಕೆಂಪರಾಜಣ್ಣ ಕೇಳಿಸುತ್ತಿದ್ದರು. "ಇಸ್ರೇಲ್‌ನೋರು ನಮ್ ರೈತರಿಗೆ ಡ್ರಿಪ್ ಕೊಟ್ಟೋರು! ಹನಿ ಹನಿ ನೀರು! ಹಂಗೇ ಈ ಸಂಗೀತನೂ ಹನಿ ಹನಿ..." ಕೊಂಕಣದಲ್ಲಿ ತಲೆತಲಾಂತರದಿಂದ ತೆಂಗಿನೆಣ್ಣೆ ತೆಗೆದವರಿಗೂ ಡ್ರಿಪ್ಪಿಗೂ ಎತ್ತಣ ಸಂಬಂಧವೋ ಆ ಶನಿಮಹಾತ್ಮನೇ ಬಲ್ಲ. ಚಪ್ಪಾಳೆ ಮಾತ್ರ ಜೋರಾಗಿತ್ತು. ಭಾಷಣ ಮುಗಿದರೆ ಊಟ ಎಂದು ಯಾರೋ ಹೇಳಿದ್ದರು.

ಭಾನುಪ್ರಕಾಶ್ ಓಡಿಬಂದರು. "ಎಷ್ಟಾಯ್ತು?"

"ಒಂದು."

"ಮೂರ್ ಅಂದ್ಬಿಡು. ಅವ್ರಿಗೆಲ್ಲಿ ಕಾಣ್ತದೆ?"

"ಸರ್!"

"ಅಗೋ ಅಲ್ಲಿ ಎರಡ್ನೇದು, ದೇವನಹಳ್ಳಿ ಕಡೆ, ಎಷ್ಟ್ ಚೆನ್ನಾಗ್ ಮಿಂಚ್ತದೆ ನೋಡು."

"ಅದು ಏರೋಪ್ಲೇನ್ ಸರ್. ಇಳೀತಾ ಇದೆ."

"ಇಳೀಲಿ ಬಿಡಮ್ಮ, ನಿಂಗೇನು? ಹೊಳೀತದೋ ಇಲ್ವೋ? ನಿನ್ ಸಂಬಳ ಕೊಡೋನು ನಾನು, ಆ ಮುದುಕ ಅಲ್ಲ."

ಕಾಕಾಗೆ ಕನ್ನಡ ಬಾರದು. ಆದರೂ ಭಾನುಪ್ರಕಾಶರ ಬೆರಳು ತೋರಿಸಿದ ದಿಕ್ಕಿಗೆ ತಿರುಗಿ, ಕೆಳಗಿಳಿಯುತ್ತಿದ್ದ ಸದ್ದನ್ನು ಆಲಿಸಿ, "ನಿಮ್ಮ ನಕ್ಷತ್ರಕ್ಕೆ ಇಂಜಿನ್ ಇದೆಯೇನಪ್ಪ?" ಎಂದು ಹಿಂದಿಯಲ್ಲಿ ಕೇಳಿದರು. ಆಮೇಲೆ ನನ್ನ ಕಡೆ ನೋಡಿದರು.

"ಒಂದೇ ಕಾಕಾ," ಎಂದೆ. "ಇನ್ನೂ ಒಂದೇ."

ಭಾನುಪ್ರಕಾಶ್ ನನ್ನನ್ನು ಸುಡುವಂತೆ ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾರುಗಳ ಬಾಗಿಲು ಬಡಿದುಕೊಂಡವು. ಕೆಂಪರಾಜಣ್ಣ ಎದ್ದರೆಂದರೆ ಅವರ ಹಿಂಬಾಲಕರೂ ಎದ್ದರು. ಅವರೆದ್ದರೆ ಕಾರ್ಯಕ್ರಮ ಮುಗಿಯಿತು ಎಂದೇ ನಮ್ಮಲ್ಲಿ ಲೆಕ್ಕ. ವಂದನಾರ್ಪಣೆ ಮಾಡಿ, ಪೆನ್‌ಡ್ರೈವ್‌ನಿಂದ ರಾಷ್ಟ್ರಗೀತೆ ಹಾಕಿಯೇಬಿಟ್ಟರು. ವಾದಕರೂ ಗೌರವದಿಂದ ಎದ್ದು ನಿಂತರು, ಪಾಪ, ಇನ್ನೂ ಅರ್ಧ ಕಾರ್ಯಕ್ರಮ ಉಳಿದಿದೆ ಎಂದುಕೊಂಡು. ಕಾರ್ಖಾನೆಯವರು ಊಟದ ಹಾಲಿಗೆ ನುಗ್ಗಿದರು.

ನಾವಿಬ್ಬರು ಹೊರಗೇ ಇದ್ದೆವು. ಎರಡನೆಯ ಸೊಸೆ ಬಂದಳು. ತಡವಾಗಿ, ಬೇವಿನ ಮರದ ಮೇಲೆ, ಮೂರನೆಯವಳು.

"ಮೂರು," ಎಂದೆ.

ಕಾಕಾ ಒಳಗೆ ಬಂದಾಗ ಭಾನುವಾರದ ಮದುವೆಯ ಅಲಂಕಾರದವರು ಏಣಿ ಹಾಕಿ ಚೆಂಡುಹೂವಿನ ಸರ ಕಟ್ಟುತ್ತಿದ್ದರು. ಸಾಲು ಸಾಲು ಖಾಲಿ ಕುರ್ಚಿ. ಲಿಯೋರಾಳಿಗೆ ನಡೆದದ್ದನ್ನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಯಾರನ್ನೂ ಬೈಯಲಿಲ್ಲ. ವಾದಕರ ಕಡೆ ತಿರುಗಿ ಒಂದೇ ಮಾತು ಹೇಳಿದಳು. ಮುಚ್ಚಿದ್ದ ಪೆಟ್ಟಿಗೆಗಳು ಮತ್ತೆ ತೆರೆದುಕೊಂಡವು.

ಕಾಕಾ ಮೈಕು ಮುಟ್ಟಲಿಲ್ಲ. ಆ ಮುದಿ ದನಿ ಮೊದಲು ತೊದಲಿತು. ಆಮೇಲೆ ಪಿಟೀಲುಗಳು ಮೆಲ್ಲಗೆ ಅದರ ಕೆಳಗೆ ಕೈಯೊಡ್ಡಿದವು. ಕಣ್ಣು ಮುಚ್ಚಿ ಹಾಡುತ್ತಿದ್ದವರು ನಡುವೆ ಒಮ್ಮೆ ತಾವೇ ನಿಲ್ಲಿಸಿ, ವಾದ್ಯಗಳು ತಾಯಿಯ ಸಾಲನ್ನು ನುಡಿಸುವುದನ್ನು ಕೇಳಿ, ಮತ್ತೆ ಸೇರಿಕೊಂಡರು. ಏಣಿಯ ಮೇಲಿದ್ದವನು ಹೂ ಹಿಡಿದುಕೊಂಡು ಸುಮ್ಮನೆ ನಿಂತ. ಭಾನುಪ್ರಕಾಶ್ ಮಾತ್ರ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾ, "ಲೇ, ಏಣಿ ಪಕ್ಕಕ್ಕೆ ಎಳ್ಯೋ, ಫ್ರೇಮಿಗೆ ಬರ್ತದೆ!" ಎಂದು ಪಿಸುಗುಟ್ಟಿದರು.

ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು. ಬರುವ ಮನಸ್ಸು ನನಗೂ ಇರಲಿಲ್ಲ.

ಆ ವಿಡಿಯೋ ಈಗ ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ, 'ಜನನಾಯಕ ಕೆಂಪರಾಜಣ್ಣನವರ ದಿವ್ಯ ಸಮ್ಮುಖದಲ್ಲಿ' ಎಂಬ ತಲೆಬರಹದೊಡನೆ. ಖಾಲಿ ಕುರ್ಚಿಗಳ ಜಾಗದಲ್ಲಿ ಸಂಜೆಯ ತುಂಬಿದ ಸಭೆಯನ್ನು ಸೇರಿಸಿದ್ದಾರೆ. ನಡುವೆ ಕೆಂಪರಾಜಣ್ಣ ಭಾವಪರವಶರಾಗಿ ತಲೆದೂಗಿ ಕಣ್ಣೊರೆಸಿಕೊಳ್ಳುತ್ತಾರೆ. ಅದು ಸೆಕೆಗೆ ಬೆವರು ಒರೆಸಿಕೊಂಡದ್ದು. ಅವರು ಬಂದು ಕೂತ ಹೊಸದರಲ್ಲಿ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದವಳು ನಾನೇ. ತುಣುಕುಗಳನ್ನು ಅಂಟಿಸಿದವನು ಆತುರಗಾರನಿರಬೇಕು. ಅವರು ತಲೆದೂಗುವ ಹೊತ್ತಿಗೆ ಕಾಕಾ ಇನ್ನೂ ಬಾಯಿ ತೆರೆದಿರುವುದಿಲ್ಲ.