ತಂಗಿಯ ಸಿಂಬೆ

ಗಂಡಸು ಸತ್ತರೆ ಮೂರು ಊಟ, ಹೆಂಗಸು ಸತ್ತರೆ ನಾಲ್ಕು. ಹೆಂಗಸಿನ ನಡಿಗೆ ನಿಧಾನ, ಮೇಲಿನ ಲೋಕ ಮುಟ್ಟುವುದಕ್ಕೆ ಅವಳಿಗೆ ಹೆಚ್ಚು ಹೊತ್ತು ಬೇಕು, ಅದಕ್ಕೇ ಒಂದು ಊಟ ಹೆಚ್ಚು ಎನ್ನುತ್ತಾರೆ ನಮ್ಮ ಗಂಡಸರು. ಹೀಗೆ ಹೇಳುವವರಲ್ಲಿ ಒಬ್ಬನೂ ನನ್ನ ತಂಗಿ ಮಾರ್ಸೆಲಿನಾಳ ಹಿಂದೆ ಓಡಿ ನೋಡಿದವನಲ್ಲ. ಓಡಿದ್ದರೆ ಅವಳಿಗೆ ಒಂದೇ ಊಟ ಸಾಕು ಎನ್ನುತ್ತಿದ್ದ.

ಅವಳು ಹೋದ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಸತ್ತಳು. ನನಗಿಂತ ಚಿಕ್ಕವಳು, ನನಗಿಂತ ಮೊದಲು ಹೋದಳು. ಹಿರಿಯರನ್ನು ಬಿಟ್ಟು ಹೀಗೆ ಮುಂದೆ ನುಗ್ಗುವುದು ಅವಳಿಗೆ ಮೊದಲಿಂದಲೂ ಅಭ್ಯಾಸವೇ. ಮೂರು ಊಟ ಮುಗಿದಿದ್ದವು. ಆವತ್ತು ನಾಲ್ಕನೆಯದು, ಕೊನೆಯದು. ಮೇಕೆ ಕಡಿದಿದ್ದೆವು, ಜೋಳದ ಹೆಂಡ ಹುಳಿ ಬಂದಿತ್ತು, ಬಿಳಿ ಬಟ್ಟೆ ಹೊದಿಸಿದ ಶಿಲುಬೆಯ ಮುಂದೆ ಅವಳ ಲಂಗ, ಅವಳ ಚಪ್ಪಲಿ, ಅವಳಿಗಿಷ್ಟವಾದ ಗಂಜಿ ಎಲ್ಲ ಇಟ್ಟಿದ್ದೆವು.

ಊಟ ಇಟ್ಟ ಮೇಲೆ ಸತ್ತವರಿಗೆ ಒಂದು ಮಾತು ಹೇಳಬೇಕು, ಅದೂ ಗಟ್ಟಿಯಾಗಿ, ಮುಖ ಮುರಿಯುವ ಹಾಗೆ. 'ಉಂಡೆಯಲ್ಲ, ಇನ್ನು ಹೊರಡು. ಮಕ್ಕಳನ್ನು ಕರೆಯಬೇಡ, ತಿರುಗಿ ಬರಬೇಡ.' ಅಳುವಂತಿಲ್ಲ. ನಾವು ಅತ್ತರೆ ಅವರ ದಾರಿಯಲ್ಲಿ ಹೊಳೆ ತುಂಬುತ್ತದೆ. ಮೂರು ಊಟದಲ್ಲೂ ಆ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನೇ. ಈ ಪೆತ್ರಾಳ ಬಾಯಿ ದೊಡ್ಡದು ಎಂದು ಆಚೆ ಗುಡ್ಡದವರಿಗೂ ಗೊತ್ತು. ಹೇಳದವಳು ಒಬ್ಬಳೇ, ಮಾರ್ಸೆಲಿನಾಳ ಮಗಳು ಯುಲಾಲಿಯಾ. ಮೂರು ಸಲವೂ ತುಟಿ ಬಿಗಿದು ನಿಂತಿದ್ದಳು.

ನಾನೂ ಸುಮ್ಮನಿದ್ದೆ, ಹುಡುಗಿಗೆ ದುಃಖ, ಸರಿಹೋಗುತ್ತದೆ ಎಂದು. ಆದರೆ ಕಳೆದ ಅಮಾವಾಸ್ಯೆಯಿಂದ ಯುಲಾಲಿಯಾಳ ನಾಲ್ಕು ವರ್ಷದ ಮಗಳು ನಿಚಾ ಅನ್ನ ನೀರು ಬಿಟ್ಟಳು. ಮೈ ಕೆಂಡ. ಎದ್ದರೆ ಒಂದೇ ಮಾತು, "ಅಜ್ಜಿ ಬಂದಿದ್ಳು. ನನ್ನ ಜೊತೆ ಬಾ ಅಂದ್ಳು." ಕೆಳಗಿನ ಊರಿನ ದವಾಖಾನೆಯಲ್ಲಿ ಕೊಟ್ಟ ಔಷಧಿ ಕುಡಿಸಿದೆವು. ಜ್ವರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಕೊನೆಗೆ ನಮ್ಮ ವೈದ್ಯ ಹೆರ್ವಾಸಿಯೊ ಮಗುವಿನ ಪಕ್ಕ ಒಂದು ರಾತ್ರಿ ಮಲಗಿ ಕನಸು ಕಂಡು ಎದ್ದ. ರೋಗ ಹುಡುಕುವುದು ಅವನು ಕನಸಿನಲ್ಲೇ.

"ಮಾರ್ಸೆಲಿನಾ ಹೋಗಿಲ್ಲ ಕಣವ್ವಾ" ಎಂದ ನನಗೆ. "ಹೊಳೆ ಹತ್ರ ಕೂತವ್ಳೆ. ಯಾರೋ ಲಂಗದ ಚುಂಗು ಹಿಡ್ಕೊಂಡವ್ರೆ. ಈ ಸಲ ಓಟ ಮುಗೀಬೇಕು, ಅವಳ ಮಗಳೇ ಮುಗಿಸ್ಬೇಕು, ಮಾತೂ ಅವಳೇ ಹೇಳ್ಬೇಕು. ಇಲ್ದಿದ್ರೆ ಅವಳು ಒಬ್ಳೇ ಹೋಗಲ್ಲ. ಜೊತೆಗೊಂದು ಮಗು ಕರ್ಕೊಂಡು ಹೋಗ್ತಾಳೆ."

ಊಟದ ದಿನ ಸತ್ತವರನ್ನು ಮುಂದೆ ಸಾಗಿಸುವುದಕ್ಕೆ ಒಂದು ಓಟ ಉಂಟು, ಸತ್ತವಳು ಹೆಂಗಸಾದರೆ ಹೆಂಗಸರೇ ಓಡಬೇಕು. ಓಟದ ಸಿಂಬೆ ನೀರು ಹೊರುವಾಗ ತಲೆಗಿಡುವಂಥದ್ದೇ, ಅಂಗೈಯಗಲದ್ದು, ನಾರು ಹೊಸೆದು ಬಟ್ಟೆ ಸುತ್ತಿದ್ದು. ಅದನ್ನು ಬಾಗುಕೋಲಿನಿಂದ ಮುಂದಕ್ಕೆ ಚಿಮ್ಮಬೇಕು, ಓಡಬೇಕು, ಕೋಲಿನಿಂದಲೇ ಎತ್ತಬೇಕು, ಮತ್ತೆ ಚಿಮ್ಮಬೇಕು. ಕೈ ತಾಗಿಸುವ ಹಾಗಿಲ್ಲ. ಸಿಂಬೆ ಮುಂದೆ ಹೋದಷ್ಟೂ ಸತ್ತವಳು ಮುಂದೆ ಹೋಗುತ್ತಾಳೆ. ಶಿಲುಬೆಯ ಹತ್ತಿರ ಎಂಟು ಕಲ್ಲು ಸಾಲಾಗಿ ಇಡುತ್ತೇವೆ. ಒಂದು ಸುತ್ತಿಗೆ ಒಂದು ಕಲ್ಲು ತೆಗೆಯುತ್ತೇವೆ. ಒಂದು ಸುತ್ತೆಂದರೆ ಹೊಳೆಗೆ ಇಳಿದು, ಪೈನ್ ಮರಗಳ ಗುಡ್ಡ ಹತ್ತಿ, ಓಕ್ ಮರದ ತಿರುವು ಬಳಸಿ ವಾಪಸ್ಸು. ಬೆಳ್ಳಿ ಮೂಡುವಾಗ ಹೊರಟರೆ ಹೊತ್ತು ಇಳಿಯುವಾಗ ಮುಗಿಯುತ್ತದೆ. ಪಟ್ಟಣದಿಂದ ಬಣ್ಣದ ಬೂಟು ಹಾಕಿಕೊಂಡು ಬಂದು ನಮ್ಮ ಕಣಿವೆಯಲ್ಲಿ ಓಡುವವರು ಪದಕ ಕೊರಳಿಗೆ ಹಾಕಿಕೊಂಡು ಹೋಗುತ್ತಾರೆ. ನಮಗೆ ಪದಕ ಇಲ್ಲ.

ಯುಲಾಲಿಯಾ ಓಡಿದ್ದು ಅವಳ ಅವ್ವ ಹೆಣೆದ ಸಿಂಬೆಯೊಂದಿಗೆ, ಅವ್ವನ ಕೋಲು ಹಿಡಿದು. ಎದುರು ಕಡೆಯಿಂದ ಹಿಲಾರಿಯಾ. ಆಚೆ ದಂಡೆಯವಳು, ಐವತ್ತು ದಾಟಿದೆ, ಮುಂಗೈಯಷ್ಟೇ ಸಣಕಲು ಕಾಲು. ಬದುಕಿಡೀ ನನ್ನ ತಂಗಿಯ ಜೊತೆ ಗುದ್ದಾಡಿ ಓಡಿದವಳು. ಇನ್ನೂ ಕೆಲವು ಹುಡುಗಿಯರು ಹೊರಟಿದ್ದರು, ಲಂಗ ಹಾರಿಸಿಕೊಂಡು, ಕಿಸಕಿಸ ನಗುತ್ತಾ. ಮೂರನೆಯ ಕಲ್ಲು ತೆಗೆಯುವ ಹೊತ್ತಿಗೆ ಅವರ ನಗುವೂ ನಿಂತಿತು, ಅವರೂ ನಿಂತರು. ಉಳಿದವರು ಇಬ್ಬರೇ.

ನನಗೆ ಓಡುವ ವಯಸ್ಸಲ್ಲ. ಅಡ್ಡದಾರಿ ಹಾಯ್ದು ಓಕ್ ಮರದ ತಿರುವಿನಲ್ಲಿ ನೀರು, ಹುರಿಹಿಟ್ಟು ಹಿಡಿದು ಕಾಯುತ್ತಿದ್ದೆ. ನಾಲ್ಕನೆಯ ಸುತ್ತಿನಲ್ಲಿ ಯುಲಾಲಿಯಾ ನನ್ನ ಮುಂದೆಯೇ ಬಗ್ಗಿ, ಕುಡಿದದ್ದನ್ನೆಲ್ಲ ಕಕ್ಕಿದಳು. ಕಣಿವೆಯ ಬಿಸಿಲು ಅಂಥದ್ದು, ಬಂಡೆ ಕಾದರೆ ಕೆಳಗಿಂದಲೂ ಸುಡುತ್ತದೆ.

"ಹಿಟ್ಟು ಬೇಡ ದೊಡ್ಡವ್ವ, ಹೊಟ್ಟೇಲಿ ನಿಲ್ತಿಲ್ಲ."

"ನಿಲ್ಲೋದು ಹೊಟ್ಟೆ ಕೆಲ್ಸ, ಕುಡಿಯೋದು ನಿನ್ನ ಕೆಲ್ಸ. ಒಂದೊಂದೇ ಗುಟುಕು. ಹ್ಞೂಂ, ನುಂಗು."

ಐದನೆಯದರಲ್ಲಿ ಚಪ್ಪಲಿಯ ಪಟ್ಟಿ ಕಿತ್ತಿತು. ಟೈರಿನ ಅಟ್ಟೆ ಅಂಗಾಲಿಗೆ ಕಚ್ಚಿ ರಕ್ತ ಬಂದಿತ್ತು. ನನ್ನ ತಲೆವಸ್ತ್ರ ಹರಿದು ಕಟ್ಟಿದೆ. ಆರನೆಯದರಲ್ಲಿ ಮೀನಖಂಡ ಹಿಡಿದುಕೊಂಡು ಕುಂಟುತ್ತಾ ಬಂದಳು. ತಿಕ್ಕಿದೆ, ಬೈದೆ, ಮತ್ತೆ ತಿಕ್ಕಿದೆ. ಹಿಲಾರಿಯಾ ಪಕ್ಕದಲ್ಲೇ ದಾಟಿಹೋಗುತ್ತಾ, "ಏನೇ ಪೆತ್ರಾ, ಹುಡುಗೀನ ಓಡಿಸ್ತಿದ್ದೀಯೋ ಹಿಟ್ಟು ನಾದ್ತಿದ್ದೀಯೋ?" ಎಂದು ಕೂಗಿದಳು. ಯುಲಾಲಿಯಾ ನಗಲಿಲ್ಲ. ಅವಳು ಸಿಂಬೆಯನ್ನು ನೋಡುತ್ತಿದ್ದಳು.

ಏಳು ಕಲ್ಲು ತೆಗೆದಾಯಿತು. ಕೊನೆಯ ಸುತ್ತು. ನಾನು ಮರದ ಹತ್ತಿರ ಕಾದೆ, ಕಾದೆ. ಹಿಲಾರಿಯಾ ದಾಟಿಹೋದಳು, ಯುಲಾಲಿಯಾ ಬರಲಿಲ್ಲ. ಎಲ್ಲಿ ಬಿದ್ದಳೋ, ಯಾವ ಕೊರಕಲಿಗೆ ಉರುಳಿದಳೋ ಎಂದು ದಾರಿಯ ಮೇಲ್ಗಡೆಯಿಂದ ಬಂಡೆ ಹಿಡಿದು ಇಳಿದೆ. ಕೆಳಗೆ ಕಂಡಳು. ಬಿದ್ದಿರಲಿಲ್ಲ. ನೆಟ್ಟಗೆ ನಿಂತಿದ್ದಳು. ಸಿಂಬೆ ಕೋಲಿನ ತುದಿಯಲ್ಲಿ ತೂಗುತ್ತಿತ್ತು, ಅದರ ಜೊತೆ ಏನೋ ಮಾತಾಡುತ್ತಿದ್ದಳು. ಆಮೇಲೆ ಒಂದು ಮೇಕೆ ನೆಗೆಯುವಷ್ಟು ದೂರ ಅದನ್ನು ಚಿಮ್ಮಿದಳು, ನಡೆದಳು, ಎತ್ತಿದಳು, ಮತ್ತೆ ನಿಂತಳು.

ಆಗ ಹೊಳೆಯಿತು ನನಗೆ. ಇವಳಿಗೆ ಕಾಲು ಸೋತಿಲ್ಲ. ಕಲ್ಲು ಮುಗಿಯುವುದು ಬೇಡವಾಗಿದೆ.

"ಯುಲಾಲಿಯಾ!" ಎಂದು ಕೂಗಿಕೊಂಡೇ ಇಳಿದೆ. "ಏನೇ ಮಾಡ್ತಿದ್ದೀಯ? ಹೊತ್ತು ಇಳೀತಿದೆ, ಅಲ್ಲಿ ಮಗು ಸಾಯ್ತಿದೆ, ನೀನಿಲ್ಲಿ ಹರಟೆ ಹೊಡೀತಿದ್ದೀಯ?"

"ಇದು ಮುಗಿದ್ರೆ ಅವ್ವ ಹೋಗ್ಬಿಡ್ತಾಳೆ ದೊಡ್ಡವ್ವ."

"ಹೋಗ್ಲಿ ಅಂತಾನೇ ಅಲ್ವೇನೇ ಬೆಳಗಿನಿಂದ ಓಡ್ತಿರೋದು!"

"ದಿನಾ ಬರ್ತಾಳೆ" ಎಂದಳು. ತುಟಿ ಒಡೆದು ಉಪ್ಪು ಕಟ್ಟಿತ್ತು. "ಕನಸಲ್ಲಿ ನನ್ನ ಜಡೆ ಹಾಕ್ತಾಳೆ. ಮೊದಲಿನಂಗೇ ಬಿಗಿಯಾಗಿ. ಅವಳಾಗೇ ಬರ್ತಿಲ್ಲ, ನಾನೇ ಕರೀತಿದ್ದೆ. ಒಲೆ ಪಕ್ಕ ಅವಳ ಸೋರೆಬಟ್ಟಲು ಇಡ್ತಿದ್ದೆ, ಗಂಜಿ ಹಾಕಿ. ದಿನಾ."

ಸತ್ತವರಿಗೆ ಉಣ್ಣಿಸುವುದಕ್ಕೆ ಊಟದ ದಿನಗಳಿವೆ, ಜಾಗವಿದೆ, ಅದೂ ಮನೆಯ ಹೊರಗೆ. ಒಲೆಯ ಪಕ್ಕ ಬಟ್ಟಲಿಟ್ಟರೆ ಅವರು ಯಾಕೆ ಹೋಗುತ್ತಾರೆ? ಇಷ್ಟು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

"ಆ ಗಂಜಿ ಏನು ಮಾಡ್ತಿದ್ದೆ ಬೆಳಿಗ್ಗೆ?"

ಅವಳು ಸಿಂಬೆಯ ಕೋಲನ್ನು ನನ್ನಿಂದ ಆಚೆ ತಿರುಗಿಸಿಕೊಂಡಳು.

"ನಿಚಾ ಕುಡೀತಿದ್ಳಾ?"

"ನಂಗೆ ಗೊತ್ತಿರ್ಲಿಲ್ಲ ದೊಡ್ಡವ್ವ. ಒಂದಿನ ನೋಡ್ದೆ. ಅಜ್ಜಿ ಕೊಟ್ಳು ಅಂದ್ಳು."

ಬೈಯಬೇಕಿತ್ತು. ನನ್ನ ಬಾಯಲ್ಲಿ ಬೈಗುಳಕ್ಕೆ ಬರವಿಲ್ಲ. ಆದರೆ ಅವಳ ಕಾಲಿನಿಂದ ನನ್ನ ತಲೆವಸ್ತ್ರದ ತುಂಡು ರಕ್ತದಲ್ಲಿ ನೆಂದು ಜೋತಾಡುತ್ತಿತ್ತು. ಬಗ್ಗಿ ಅದನ್ನು ಮತ್ತೆ ಬಿಗಿದು ಕಟ್ಟಿದೆ.

ಅಷ್ಟರಲ್ಲಿ ಮುಂದೆ ಹೋಗಿದ್ದ ಹಿಲಾರಿಯಾ ತಿರುವಿನಿಂದ ವಾಪಸ್ಸು ಬಂದಳು. ಓಟದಲ್ಲಿ ಹಿಂದಿರುಗಿ ಬರುವವರನ್ನು ನಾನು ಕಂಡಿದ್ದು ಅದೊಂದೇ ಸಲ. ಬಂದವಳು ಬಂಡೆಯ ಮೇಲೆ ಕುಳಿತು, ಮುಳ್ಳು ತೆಗೆಯುವವಳಂತೆ ಅಂಗಾಲು ತಿರುಗಿಸಿ ನೋಡಿಕೊಂಡಳು.

"ಏನ್ರವ್ವ, ಇಲ್ಲೇನು ಸಂತೆ ಕೂಡಿದ್ಯಾ? ಒಬ್ಳೇ ಓಡೋದಕ್ಕೆ ನನಗೇನು ಹುಚ್ಚಾ?"

ಹಿಲಾರಿಯಾ ನನ್ನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ಕೋಲಿನ ತುದಿಯ ಸಿಂಬೆ ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ನೀನು ಹುಟ್ಟಿ ಒಂದು ತಿಂಗಳೂ ಆಗಿರ್ಲಿಲ್ಲ ಕಣೆ" ಎಂದಳು ಯುಲಾಲಿಯಾಗೆ. "ನಿಮ್ಮವ್ವ ನನ್ನ ಎದುರಿಗೆ ಓಡೋಕೆ ಬಂದ್ಳು. ಬಾಣಂತಿ! ಮೇಲಿನ ಆ ತಿರುವಲ್ಲೇ ನಿಂತು ನಿನಗೆ ಹಾಲು ಕುಡಿಸಿದ್ಳು, ಈ ನಿನ್ನ ದೊಡ್ಡವ್ವನ ಕೈಗೆ ಹಾಕಿದ್ಳು, ಹೊರಟ್ಳು. ನೀನು ಬೆಟ್ಟ ಬಿರಿಯೋ ಹಂಗೆ ಅತ್ತೆ. ತಿರುಗಿ ನೋಡ್ಲಿಲ್ಲ. ನಾನು ಪಕ್ಕದಲ್ಲೇ ಓಡ್ತಾ ಬೈದೆ, ನಿಂದೇನು ಕಲ್ಲಿನೆದೇನಾ, ಮಗು ಕೂಗ್ತಿದೆ ಅಂತ. ಏನಂದ್ಳು ಗೊತ್ತಾ? ತಿರುಗಿ ನೋಡಿದ್ರೆ ಕಾಲು ಅಲ್ಲೇ ನಿಂತ್ಬಿಡುತ್ತೆ ಹಿಲಾರಿಯಾ, ಅಂದ್ಳು. ಅಂದ್ಳು, ಎದೆ ಹಾಲು ಸೋರಿ ರವಿಕೆ ಎಲ್ಲ ನೆಂದಿತ್ತು. ಹಂಗೇ ಓಡಿದ್ಳು."

ನಿಜ. ಆವತ್ತು ಆ ಕೂಸನ್ನು ಎದೆಗೊತ್ತಿಕೊಂಡು ಸುಮ್ಮನಿರಿಸಿದವಳು ನಾನು. ನನಗೇ ಮರೆತಿತ್ತು.

"ಈಗ ನೀನು ಹಿಂದಿನಿಂದ ಕೂಗ್ತಿದ್ದೀಯ" ಎಂದಳು ಹಿಲಾರಿಯಾ. "ಅವಳು ನಿಂತವ್ಳೆ. ಅವಳಿಗೆ ನಿಲ್ಲೋದು ಬರಲ್ಲ ಕಣೆ. ಯಾಕೆ ಹಿಂಸೆ ಕೊಡ್ತೀಯ?"

ಯುಲಾಲಿಯಾ ಸಿಂಬೆಯನ್ನು ಕೋಲಿನಲ್ಲಿ ತಿರುಗಿಸಿ ಚಿಮ್ಮಿದಳು. ಬೆಳಗಿನಿಂದ ಹಾಗೆ ಚಿಮ್ಮಿರಲಿಲ್ಲ. ಅದು ಪೈನ್ ಮರಗಳ ನಡುವೆ ಹಾರಿ, ತಿರುವಿನಾಚೆ ಬಿತ್ತು. ಅದರ ಹಿಂದೆ ಓಡಿದಳು, ಕುಂಟಿಕೊಂಡು, ಹಲ್ಲು ಕಚ್ಚಿಕೊಂಡು. ಓಡಿದಳು ಎಂದರೆ ಸುಳ್ಳಾದೀತು. ಕಾಲು ಕಿತ್ತಿಟ್ಟಳು, ಒಂದಾದ ಮೇಲೆ ಒಂದು. ಹಿಲಾರಿಯಾ ಅವಳ ಪಕ್ಕಕ್ಕೆ ಸೇರಿಕೊಂಡಳು. ನಾನು ಬಿದ್ದೂ ಎದ್ದೂ ಅಡ್ಡದಾರಿ ಹಿಡಿದೆ.

ಶಿಲುಬೆಯ ಹತ್ತಿರ ಎಲ್ಲರೂ ನಿಂತಿದ್ದರು. ಹೆರ್ವಾಸಿಯೊನ ಪಕ್ಕದಲ್ಲಿ ಕಂಬಳಿಯೊಳಗೆ ನಿಚಾ, ಕಣ್ಣು ಅರ್ಧ ಮುಚ್ಚಿ. ಬಿಸಿಲು ಎದುರು ಬಂಡೆಯ ನೆತ್ತಿಗೆ ಏರಿತ್ತು. ಇಬ್ಬರೂ ಏರು ಹತ್ತಿ ಬಂದರು. ಓಟ ಮುಗಿಯುವ ಗೆರೆ ಹತ್ತಿರವಾದಾಗ ಸರಿಯಾಗಿ ಹಿಲಾರಿಯಾಳ ಚಪ್ಪಲಿಯ ಪಟ್ಟಿ ಸಡಿಲವಾಯಿತು, ಬಗ್ಗಿ ಕಟ್ಟಿಕೊಳ್ಳಲು ನಿಂತಳು. ಆ ಚಪ್ಪಲಿ ಹೊಸದು.

ಯುಲಾಲಿಯಾ ಗೆರೆ ದಾಟಿದಳು. ಕೊನೆಯ ಕಲ್ಲು ತೆಗೆದರು. ಕೊನೆಯ ಚಿಮ್ಮು ಕಣಿವೆಯ ಕಡೆಗೆ. ಅವಳು ಅಂಚಿಗೆ ಹೋಗಿ ನಿಂತಳು.

"ಹೋಗವ್ವ!" ಎಂದು ಕೂಗಿದಳು. "ಉಣ್ಣಿಸಿದ್ದಾಯ್ತು. ನಮ್ಮ ಒಲೆ ಹತ್ರ ಇನ್ನು ನಿನಗೆ ಬಟ್ಟಲಿಲ್ಲ. ನಿಚಾನ್ನ ಕರೀಬೇಡ. ನಾನು ಕೂಗಲ್ಲ. ನೀನೂ ತಿರುಗಿ ನೋಡಬೇಡ. ಹೋಗು!"

ಸಿಂಬೆ ಹಾರಿತು. ಅಷ್ಟು ಚಿಕ್ಕದು, ಆದರೂ ಕಣಿವೆಯೊಳಗೆ ಇಳಿಯುವುದು ಬಹಳ ಹೊತ್ತು ಕಂಡಿತು. ಅವಳು ಅಲ್ಲೇ ಕುಳಿತುಬಿಟ್ಟಳು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಬೇಕು. ಯುಲಾಲಿಯಾಳ ಗಂಡ ಹೇಳಿದ, ಹಿಲಾರಿಯಾ ಹೇಳಿದಳು, "ಮೇಲೆ ನಾನು ಬಂದಾಗ ನೋಡ್ಕೋತೀನಿ ನಿನ್ನ" ಎಂದೂ ಸೇರಿಸಿದಳು. "ಪೆತ್ರಾ, ನೀನು" ಎಂದ ಹೆರ್ವಾಸಿಯೊ.

ನಾನು ಬಾಯಿ ತೆರೆದೆ. ದನಿ ಬರಲಿಲ್ಲ.

ಮೂರು ಸಲ ಗುಡ್ಡ ನಡುಗುವ ಹಾಗೆ ಹೇಳಿದ್ದೆನಲ್ಲ, ಅದು ಹೇಗೆ ಸಾಧ್ಯವಾಯಿತೆಂದು ಆಗ ಗೊತ್ತಾಯಿತು. ಅವಳು ಹೋಗುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ್ದೆ. ಇನ್ನೊಂದು ಊಟ ಬಾಕಿ ಇತ್ತು, ಮತ್ತೊಂದು ಬಾಕಿ ಇತ್ತು. ಈಗ ಬಾಕಿ ಏನೂ ಇರಲಿಲ್ಲ. ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದ ತಂಗಿಗೆ, ತೊಲಗು ಎಂದು ಯಾವ ನಾಲಿಗೆಯಿಂದ ಹೇಳಲಿ? ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಸಂಕಟ ನನಗೆ ಅವಳು ಸತ್ತ ದಿನವೂ ಆಗಿರಲಿಲ್ಲ.

ಯುಲಾಲಿಯಾ ಏಳಲಾರದೆ ಕುಳಿತಲ್ಲಿಂದಲೇ ತೆವಳಿ ಬಂದು ನನ್ನ ಕೈ ಹಿಡಿದಳು. ಅವಳ ಅಂಗೈ ಬೊಬ್ಬೆ ಒಡೆದು ಹಸಿಯಾಗಿತ್ತು.

"ಹೇಳು ದೊಡ್ಡವ್ವ. ನಾನು ಹೇಳ್ಲಿಲ್ವಾ?"

"ಹೋಗೇ ಮರಿ" ಎಂದೆ. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. "ನಾನು ಹಿಂದೆ ಬರ್ತೀನಿ. ನೀನು ಕಾಯ್ಬೇಡ."

ಹೆರ್ವಾಸಿಯೊ ತಲೆಯಾಡಿಸಿದ. ಅಷ್ಟು ಸಾಕು ಎಂದ.

ಶಿಲುಬೆಯ ಮುಂದಿನ ಊಟವನ್ನು ಎತ್ತಿ ಹಂಚುವ ಹೊತ್ತಾಯಿತು. ಸತ್ತವರು ಹೊರಟ ಮೇಲೆ ಅದು ಇದ್ದವರಿಗೆ. ಕಂಬಳಿಯೊಳಗಿನಿಂದ ನಿಚಾ ಕಣ್ಣು ಬಿಟ್ಟು ಸುತ್ತ ನೋಡಿದಳು.

"ಅಜ್ಜಿ ಎಲ್ಲಿ?"

ಯುಲಾಲಿಯಾ ಹೇಳಿದಳು, "ಹೋದ್ಳು ಕಂದಾ."

ಮಗುವಿನ ಕಣ್ಣು ಶಿಲುಬೆಯ ಮುಂದಿನ ಗಂಜಿಯ ಮೇಲೆ ಬಿತ್ತು.

"ಹಂಗಾದ್ರೆ ಅವಳ ಗಂಜಿ ನಂಗೆ ಕೊಡು."

ಯುಲಾಲಿಯಾಗೆ ಏಳಲು ಕಾಲಿರಲಿಲ್ಲ. ನಾನೇ ಹೋಗಿ ನನ್ನ ಬಟ್ಟಲಿಗೆ ಹಾಕಿಕೊಂಡು ಬಂದು ಕುಡಿಸಿದೆ. ಎರಡು ಸಲ ಹಾಕಿಸಿಕೊಂಡಳು.